ಅವರಾಗಿಯೇ ಬಿಟ್ಟು ಹೋದವರು

ಮೊನ್ನೆ ಅರಕಲಗೂಡಿನಲ್ಲಿ ನೆಂಟರ ಮಗುವಿನ ನಾಮಕರಣ ಮುಗಿಸಿಕೊಂಡು ಹಾಸನದ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಬೇಡ ಬೇಡ ಅಂದರೂ ಎಲೆಗೆ ಬಿದ್ದ ಹೋಳಿಗೆಯನ್ನು ಬಿಡಲಾರದ ಸ್ವಭಾವ ನನ್ನದು. ಹೊಟ್ಟೆ ಭಾರವಾಗಿ ನಿಂತಲ್ಲೇ ಕಣ್ಣು ಎಳೆಯುತ್ತಿತ್ತು. ಅಷ್ಟರಲ್ಲಿ ಹೊಗೆಸೊಪ್ಪಿನ ಮೂಟೆಗಳನ್ನು ಆಳೆತ್ತರ ಹೇರಿಕೊಂಡ ಟೆಂಪೋ ಒಂದು ಬಂದು ನನ್ನ ಮೂಗಿನ ನೇರಕ್ಕೇ ನಿಂತಿತು. ಶಾಖಕ್ಕಿಟ್ಟು ಬೇಯಿಸಿದ ಹೊಗೆಸೊಪ್ಪಿನ ವಾಸನೆ ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ: ಮೊದಲು ಬೆಲ್ಲದ ಹಾಗೆ ಹಿತವಾಗಿರುತ್ತದೆ, ಆಮೇಲೆ ತಲೆ ಸುತ್ತಿಸುತ್ತದೆ. ಪಕ್ಕದಲ್ಲಿದ್ದ ಹುಡುಗಿ ದುಪ್ಪಟ್ಟಾದಿಂದ ಮೂಗು ಮುಚ್ಚಿಕೊಂಡಳು. ನನಗೆ ಸಿಟ್ಟು ಬಂತು. ವಾಸನೆಗೆ ಯಾರಾದರೂ ಸಿಟ್ಟಾಗುತ್ತಾರೆಯೇ ಎಂದು ನೀವು ಕೇಳಬಹುದು. ಕೆಲವರಿಗೆ ವಾಸನೆಯಿಂದ ಅಜ್ಜಿಯ ಅಡುಗೆಮನೆ ನೆನಪಾಗುತ್ತದಂತೆ, ಪುಣ್ಯವಂತರು. ನನಗೆ ನೆನಪಾಗುವುದು ಕೋರ್ಟು.

ಹಾಗಂತ ನಾನು ವಕೀಲಳೇನೂ ಅಲ್ಲ. ನಾನು ಏನಾಗಿದ್ದೆ ಎಂಬುದಕ್ಕೆ ಬಹಳ ವರ್ಷ ನನಗೇ ಹೆಸರು ಗೊತ್ತಿರಲಿಲ್ಲ. ಊರಿನವರು ಟೈಪಿಸ್ಟು ಅನ್ನುತ್ತಿದ್ದರು, ಕೋರ್ಟಿನವರು ಗುಮಾಸ್ತೆ ಅನ್ನುತ್ತಿದ್ದರು, ಕಕ್ಷಿದಾರರು ಕೆಲಸ ಆಗಬೇಕಾದಾಗ ಲಾಯರಮ್ಮ ಅನ್ನುತ್ತಿದ್ದರು. ಇತ್ತೀಚೆಗೆ ನನ್ನ ಸೋದರ ಸೊಸೆ, "ಅತ್ತೆ, ನೀವು ಮಾಡ್ತಿದ್ದದ್ದಕ್ಕೆ ಪ್ಯಾರಾಲೀಗಲ್ ಅಂತಾರೆ, ಈಗ ಅದಕ್ಕೆ ಕೋರ್ಸೇ ಇದೆ" ಅಂದಳು. ಕೋರ್ಸು ಇರಬಹುದು. ನನ್ನ ಕಾಲಕ್ಕೆ ಇದ್ದದ್ದು ಹೊಳೆನರಸೀಪುರದ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟು, ಅದರಲ್ಲಿ ಎರಡು ಅಕ್ಷರ ಬೀಳದ ಒಂದು ಮಷೀನು. ಅಪ್ಪ ದೇವಸ್ಥಾನದಲ್ಲಿ ನೈವೇದ್ಯದ ಅಡುಗೆ ಮಾಡುತ್ತಿದ್ದರು. ನನ್ನ ಮದುವೆಯ ಮಾತು ಒಂದೊಂದಾಗಿ ಮುರಿದುಬಿದ್ದ ಮೇಲೆ, "ಸುಮ್ಮನೆ ಮನೇಲಿರೋ ಬದಲು ಏನಾದರೂ ಮಾಡಲಿ" ಎಂದು ಹಾಸನದ ವಕೀಲ ಶ್ರೀಕಂಠಯ್ಯನವರ ಆಫೀಸಿಗೆ ಸೇರಿಸಿದರು. ತೊಂಬತ್ತರ ದಶಕದ ಆರಂಭ. ಬೆಳಿಗ್ಗೆ ಹೊಳೆನರಸೀಪುರದಿಂದ ಬಸ್ಸು, ಸಂಜೆ ವಾಪಸ್ಸು. ಹೋಗುವಾಗ ನಿಂತುಕೊಂಡು, ಬರುವಾಗ ತೂಕಡಿಸಿಕೊಂಡು.

ಶ್ರೀಕಂಠಯ್ಯನವರು ಕಾರ್ಮಿಕರ ಕೇಸುಗಳನ್ನು ಮಾತ್ರ ಹಿಡಿಯುತ್ತಿದ್ದರು. ಕೆಲಸದಿಂದ ತೆಗೆದವರು, ತೆಗೆದದ್ದೂ ಗೊತ್ತಾಗದಂತೆ ತೆಗೆಯಲ್ಪಟ್ಟವರು, ರಾಜೀನಾಮೆ ಎಂದು ತಿಳಿಯದೆ ರಾಜೀನಾಮೆಗೆ ಸಹಿ ಹಾಕಿದವರು, ಇಂಥವರೆಲ್ಲ ಸೋಮವಾರ ಬೆಳಿಗ್ಗೆ ನಮ್ಮ ಜಗಲಿಯಲ್ಲಿ ಕೂತಿರುತ್ತಿದ್ದರು. ಅವರ ಕಥೆ ಕೇಳಿ, ಅಳು ಮತ್ತು ಬೈಗುಳ ತೆಗೆದುಹಾಕಿ, ಉಳಿದದ್ದನ್ನು ಅರ್ಜಿ ಮಾಡುವುದು ನನ್ನ ಕೆಲಸ. ಲೇಬರ್ ಆಫೀಸಿನಲ್ಲಿ ಸಂಧಾನದ ದಿನ ನೆನಪಿಸುವುದು, ಬೆಂಚ್ ಕ್ಲರ್ಕಿನ ಮುಂದೆ ಹಲ್ಲು ಗಿಂಜುವುದು, ವಾಯಿದೆ ಬಿದ್ದಾಗ ಕಕ್ಷಿದಾರರನ್ನು ಸಮಾಧಾನ ಮಾಡಿ ಬಸ್ಸು ಹತ್ತಿಸುವುದು, ಇವೂ ನನ್ನವೇ. ಇದೆಲ್ಲದರ ಮೇಲೆ ಇನ್ನೊಂದು ವಿದ್ಯೆ ನನಗೆ ಕೈಹತ್ತಿತ್ತು: ಸಾಕ್ಷಿ ಹೇಳುವವರಿಗೆ ಪಾಠ ಮಾಡುವುದು. ಕಟಕಟೆಯಲ್ಲಿ ಕೈ ಎಲ್ಲಿಡಬೇಕು, ಎಷ್ಟು ಮಾತಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಆಫೀಸಿನ ಹಿಂದಿನ ಪಡಸಾಲೆಯಲ್ಲಿ ಕೂರಿಸಿ ಹೇಳಿಕೊಡುತ್ತಿದ್ದೆ. ಅದರಲ್ಲಿ ನನಗೆ ಜಂಬವೂ ಇತ್ತು. ಶ್ರೀಕಂಠಯ್ಯನವರು ಬೇರೆ ವಕೀಲರ ಮುಂದೆ, "ನಮ್ಮ ಹುಡುಗಿ ಪಾಠ ಮಾಡಿದ ಸಾಕ್ಷಿ ಅಲ್ಲಾಡಲ್ಲ" ಎನ್ನುತ್ತಿದ್ದರು.

ಸಣ್ಣಮ್ಮ ಬಂದದ್ದು ಅಂಥ ಒಂದು ಸೋಮವಾರ. ಹೆಸರಿಗೆ ಮಾತ್ರ ಸಣ್ಣಮ್ಮ. ಬಾಗಿಲ ಚೌಕಟ್ಟಿಗೆ ತಲೆ ತಗ್ಗಿಸಿ ಒಳಗೆ ಬರಬೇಕಾದಷ್ಟು ಎತ್ತರ. ಮಲ್ಲಿಪಟ್ಟಣದ ಹತ್ತಿರದ ಹಳ್ಳಿಯವಳು, ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವಳು. ಎದುರಿಗೆ ಅವಳನ್ನು ನಾನು ನೀವು ಎಂದೇ ಮಾತಾಡಿಸುತ್ತಿದ್ದೆ, ಅವಳು ನನ್ನನ್ನು ಅಮ್ಮಾರೆ ಎನ್ನುತ್ತಿದ್ದಳು. ನೆನಪಿನಲ್ಲಿ ಮಾತ್ರ ಅವಳು 'ಅವಳು' ಆಗಿಬಿಟ್ಟಿದ್ದಾಳೆ. ಹತ್ತಿರದವರೆಲ್ಲ ಹಾಗೆಯೇ ಆಗುತ್ತಾರೆ, ತಪ್ಪು ತಿಳಿಯಬೇಡಿ.

ಅರಕಲಗೂಡಿನ ಆಚೆ ಒಂದು ಹೊಗೆಸೊಪ್ಪಿನ ಗೋದಾಮಿನಲ್ಲಿ ಅವಳ ಕೆಲಸ. ಹೆಂಗಸರು ಸಾಲಾಗಿ ನೆಲದ ಮೇಲೆ ಕೂತು ಎಲೆಗಳನ್ನು ಬಣ್ಣ ನೋಡಿ ಬೇರೆ ಮಾಡಬೇಕು. ಹೊಂಬಣ್ಣದ್ದು ಒಂದು ಕಡೆ, ಕಂದು ಒಂದು ಕಡೆ, ಮಚ್ಚೆ ಬಿದ್ದದ್ದು ಇನ್ನೊಂದು ಕಡೆ. ಕಿಟಕಿ ತೆಗೆದರೆ ಎಲೆ ಒಣಗಿ ಪುಡಿಯಾಗುತ್ತದೆ ಎಂದು ಕಿಟಕಿ ತೆಗೆಯುತ್ತಿರಲಿಲ್ಲ. ಎಲೆ ಪುಡಿಯಾಗಬಾರದು, ಹೆಂಗಸರಿಗೆ ಏನಾದರೂ ಆಗಬಹುದು. ಒಂದು ಬೇಸಗೆಯ ಮಧ್ಯಾಹ್ನ ಸಣ್ಣಮ್ಮನ ಪಕ್ಕದಲ್ಲಿ ಕೂತಿದ್ದ ಮಂಜುಳ ಎಂಬ ಬಸುರಿ ಹುಡುಗಿ ತಲೆ ತಿರುಗಿ ಬಿದ್ದಳು. ಮೇಸ್ತ್ರಿ, "ನೀರು ಚಿಮುಕಿಸಿ, ಎದ್ದೇಳ್ತಾಳೆ" ಅಂದನಂತೆ. ಸಣ್ಣಮ್ಮ ಅವಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, ಗೇಟಿನವನನ್ನು ದಾಟಿಕೊಂಡು, ರಸ್ತೆಯಲ್ಲಿ ಆಟೋ ನಿಲ್ಲಿಸಿ ಅರಕಲಗೂಡಿನ ಆಸ್ಪತ್ರೆಗೆ ಹೋದಳು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಮಗು ಉಳಿಯಿತು, ತಾಯಿಯೂ ಉಳಿದಳು. ಮಾರನೇ ಬೆಳಿಗ್ಗೆ ಸಣ್ಣಮ್ಮ ಹೋದರೆ ಗೇಟು ತೆಗೆಯಲಿಲ್ಲ.

"ಸಣ್ಣಮ್ಮನ್ನ ಒಳೀಕ್ ಬುಡ್ಬ್ಯಾಡಾಂತ ಆರ್ಡ್ರಾಗದೆ ಅಂದ ಕಣಮ್ಮಾರೆ ಗೇಟ್ನೋನು. ನನ್ ಕೈಲಿ ಎಷ್ಟ್ ಸಲ ಬೀಡಿಗೆ ಕಾಸ್ ಇಸ್ಕಂಡವ್ನೆ ಅವ್ನು. ಮಖ ಎತ್ತಿ ನೋಡ್ಲಿಲ್ಲ."

"ನಿಮಗೆ ಏನಾಗ್ಬೇಕು ಹೇಳಿ. ಪರಿಹಾರ ಕೇಳೋಣವಾ, ಕೆಲಸ ಕೇಳೋಣವಾ?" ಎಂದು ಶ್ರೀಕಂಠಯ್ಯನವರು ಕೇಳಿದರು.

"ನಂಗೆ ಬ್ಯಾರೆ ಏನೂ ಬ್ಯಾಡ ಸಾ. ಅದೇ ಗೇಟ್ನಲ್ಲಿ ಒಳೀಕ್ಕೋಗಿ ನನ್ ಜಾಗ್ದಲ್ಲಿ ಕುಂತ್ಕೋಬೇಕು. ಅವ್ನೇ ಗೇಟ್ ತೆಗೀಬೇಕು."

ಇದನ್ನು ನಾನು ಅರ್ಜಿಯಲ್ಲಿ 'ಸೇವೆಯಲ್ಲಿ ಪುನರ್ ಸ್ಥಾಪನೆ' ಎಂದು ಟೈಪು ಮಾಡಿದೆ. ಗೇಟಿನವನ ವಿಷಯ ಬಿಟ್ಟೆ.

ಗೋದಾಮಿನವರ ಉತ್ತರ ಲೇಬರ್ ಆಫೀಸಿಗೆ ಬಂತು. ನಾವು ಈ ಹೆಂಗಸನ್ನು ಕೆಲಸದಿಂದ ತೆಗೆದೇ ಇಲ್ಲ. ಆಕೆ ಕೆಲಸದ ವೇಳೆಯಲ್ಲಿ ಹೇಳದೆ ಕೇಳದೆ ಹೊರಟು ಹೋದವಳು ತಿರುಗಿ ಬರಲಿಲ್ಲ. ತಾನಾಗಿಯೇ ಬಿಟ್ಟು ಹೋಗಿದ್ದಾಳೆ. ಈ ಉತ್ತರ ನನಗೆ ಬಾಯಿಪಾಠವಾಗಿತ್ತು. ನಾನು ಆ ಆಫೀಸಿನಲ್ಲಿದ್ದಷ್ಟು ಕಾಲವೂ ಹಾಸನ ಜಿಲ್ಲೆಯಲ್ಲಿ ಯಾರೂ ಯಾರನ್ನೂ ಕೆಲಸದಿಂದ ತೆಗೆದಿರಲಿಲ್ಲ. ಎಲ್ಲರೂ ತಾವಾಗಿಯೇ ಬಿಟ್ಟು ಹೋದವರು. ಅಕ್ಕಿ ಗಿರಣಿಯಿಂದ, ಸಿನಿಮಾ ಟಾಕೀಸಿನಿಂದ, ಖಾಸಗಿ ಶಾಲೆಯಿಂದ ಜನ ಹೆಂಡತಿ ಮಕ್ಕಳನ್ನು ಉಪವಾಸ ಕೆಡವುವ ಚಪಲಕ್ಕೆ ಬಿದ್ದು ತಾವಾಗಿಯೇ ಕೆಲಸ ಬಿಟ್ಟು, ಆಮೇಲೆ ನಮ್ಮ ಜಗಲಿಗೆ ಬಂದು ಅಳುತ್ತಿದ್ದರು. ಬಾಯಿಮಾತಿನಲ್ಲಿ ಗೇಟು ಮುಚ್ಚಿದರೆ ಇದೊಂದು ಅನುಕೂಲ, ಮುಚ್ಚಿದ್ದಕ್ಕೆ ಸಾಕ್ಷಿಯೇ ಇರುವುದಿಲ್ಲ.

ಸಂಧಾನ ಮುರಿದುಬಿದ್ದು ಕೇಸು ಕಾರ್ಮಿಕ ನ್ಯಾಯಾಲಯಕ್ಕೆ ಹೋಯಿತು. ನ್ಯಾಯಾಧೀಶರು ಹಾಸನಕ್ಕೆ ಕ್ಯಾಂಪು ಬಂದಾಗ ನಮ್ಮ ಕಡೆಯ ಕೇಸುಗಳು ನಡೆಯುತ್ತಿದ್ದವು. ಬಂದಾಗ ಅಂದೆನಲ್ಲ, ಬಾರದೆ ಇದ್ದಾಗ ವಾಯಿದೆ. ಸಣ್ಣಮ್ಮ ಒಂದು ವಾಯಿದೆಯನ್ನೂ ತಪ್ಪಿಸಲಿಲ್ಲ. ಮಡಿಕೆ ಮುರಿಯದ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ, ಮೊದಲ ಬಸ್ಸಿಗೇ ಬಂದು ಕೋರ್ಟಿನ ಮೆಟ್ಟಿಲಿನ ಹತ್ತಿರ ನಿಂತಿರುತ್ತಿದ್ದಳು. ಬರುವಾಗ ನನಗೆ ಒಮ್ಮೆ ಸೊಪ್ಪು, ಒಮ್ಮೆ ಹಸಿ ಶುಂಠಿ, ಒಮ್ಮೆ ಎಳೆ ಜೋಳ. "ಯಾಕೆ ತರ್ತೀರಿ" ಅಂದರೆ, "ನಾನೇನ್ ಕೊಂಡ್ಕಂಡು ತಂದಿವ್ನಾ, ಕೆಲ್ಸಕ್ಕೋದ್ ವಲ್ದೋರು ಕೊಟ್ರು" ಎನ್ನುತ್ತಿದ್ದಳು.

ಆ ಮಾತಿನಲ್ಲೇ ಇತ್ತು ನಮ್ಮ ಕಷ್ಟ. ಕಾನೂನಿನ ಕಣ್ಣಿಗೆ ಕೆಲಸ ಕಳೆದುಕೊಂಡವನು ಹೇಗಿರಬೇಕು ಗೊತ್ತೇ ನಿಮಗೆ? ಅವನು ಗೇಟಿನ ಮುಂದೆ ದಿನಾ ನಿಂತು ಗೋಗರೆಯಬೇಕು. ಆಮೇಲೆ ಮನೆಗೆ ಬಂದು ತಲೆಯ ಮೇಲೆ ಕೈ ಹೊತ್ತು ಕೂರಬೇಕು. ಬೇರೆ ಕಡೆ ದುಡಿದ ಅಂದರೆ, ಓಹೋ, ಇವನಿಗೆ ಆ ಕೆಲಸವೇ ಬೇಕಿರಲಿಲ್ಲ ಎಂದು ಎದುರು ಪಾರ್ಟಿಯವರು ಹಿಡಿದುಕೊಳ್ಳುತ್ತಾರೆ. ಸಣ್ಣಮ್ಮ ಗೇಟು ಮುಚ್ಚಿದ ಬೆಳಿಗ್ಗೆ ಕೂಗಾಡಿ ಹಿಂತಿರುಗುವಾಗ ದಾರಿಯಲ್ಲಿ ಯಾರದೋ ಶುಂಠಿ ಹೊಲದಲ್ಲಿ ಕಳೆ ಕೀಳುವವರನ್ನು ಕಂಡು ಅಲ್ಲಿಯೇ ಇಳಿದುಬಿಟ್ಟಿದ್ದಳು. ಬುತ್ತಿ ಕೈಯಲ್ಲೇ ಇತ್ತು, ಹೊತ್ತೂ ಇತ್ತು, ಸುಮ್ಮನೆ ಮನೆಗೆ ಹೋಗಿ ಏನು ಮಾಡುವುದು ಎಂದು.

ಅವಳ ಗಂಡನ ವಿಷಯ ಹೇಳದಿದ್ದರೆ ಇದು ಅರ್ಥವಾಗುವುದಿಲ್ಲ. ಅವನು ಕೆಟ್ಟವನಲ್ಲ, ಕುಡುಕನೂ ಅಲ್ಲ. ಬೆಳಿಗ್ಗೆ ಎದ್ದು ಅರಳಿಕಟ್ಟೆಗೆ ಹೋಗಿ ಇಸ್ಪೀಟು ನೋಡುತ್ತ ಕೂರುವವನು. ಆಡುತ್ತಲೂ ಇರಲಿಲ್ಲ, ನೋಡುತ್ತಿದ್ದ ಅಷ್ಟೆ. ಅವಳ ಇಡೀ ಹಳ್ಳಿಗೆ ಆ ಮನೆಯಲ್ಲಿ ದುಡಿಯುವವರು ಯಾರು ಎಂದು ಗೊತ್ತಿತ್ತು. ಅವಳ ಕಡೆ 'ಕೂತು ಉಣ್ಣುವವಳು' ಎಂಬುದು ನಾವು ನೀವು ಬಾಯಲ್ಲಿ ಆಡಲಾರದ ಬೈಗುಳಕ್ಕಿಂತ ದೊಡ್ಡ ಬೈಗುಳ.

ಸಾಕ್ಷಿಯ ದಿನ ಹತ್ತಿರ ಬಂದಾಗ ಹಿಂದಿನ ಪಡಸಾಲೆಯಲ್ಲಿ ಪಾಠ ಶುರು ಮಾಡಿದೆ.

"ಗೇಟು ಮುಚ್ಚಿದ ಮೇಲೆ ಎಲ್ಲಿ ಕೆಲಸ ಮಾಡ್ತಿದ್ರಿ ಅಂತ ಕೇಳ್ತಾರೆ. ನೀವು, ಎಲ್ಲೂ ಸಿಗ್ಲಿಲ್ಲ ಅನ್ಬೇಕು."

"ಅಂಗಂದ್ರೆ ಸೋಮಾರಿ ಅಂದಂಗಾಯ್ತದಲ್ಲಾ ಅಮ್ಮಾರೆ."

"ಹೊಲದ ಕೂಲಿ ಲೆಕ್ಕಕ್ಕಿಲ್ಲ ಸಣ್ಣಮ್ಮ. ಅದು ಖಾಯಂ ಕೆಲಸ ಅಲ್ಲ."

"ವಲದ್ ಕೆಲ್ಸ ಕೆಲ್ಸ ಅಲ್ವಾ? ನೀವ್ ಒಂದಿನ ಬಗ್ಗಿ ಕಳೆ ಕಿತ್ತು ನೋಡ್ಬನ್ನಿ, ಆಮೇಕ್ ಏಳಿ."

ನಾನು ನಕ್ಕುಬಿಟ್ಟೆ. ನಾಲ್ಕು ಕುಂಡದಲ್ಲಿ ತುಳಸಿ ಬೆಳೆಸಲಾರದವಳು ನಾನು. ಕೊನೆಗೆ ಇಬ್ಬರಿಗೂ ಒಪ್ಪಿಗೆಯಾಗುವ ಮಾತೊಂದು ಸಿಕ್ಕಿತು: ಖಾಯಂ ಕೆಲಸ ಎಲ್ಲೂ ಸಿಗಲಿಲ್ಲ. ಅದು ಸುಳ್ಳಲ್ಲ, ಸೋಮಾರಿತನವೂ ಅಲ್ಲ. ಸಣ್ಣಮ್ಮ ಅದನ್ನು ಮಂತ್ರದ ಹಾಗೆ ಹೇಳಿಕೊಂಡು ಬಸ್ಸು ಹತ್ತಿದಳು. ಕಂಡಕ್ಟರನಿಗೂ ಹೇಳಿದಳೋ ಏನೋ.

ಮಂಜುಳ ಸಾಕ್ಷಿಗೆ ಬರುತ್ತೇನೆಂದು ಒಪ್ಪಿದ್ದಳು. ಮಗುವನ್ನು ಎತ್ತಿಕೊಂಡು ಬಂದು ನಮ್ಮ ಆಫೀಸಿನಲ್ಲೇ, "ಮಗೀನ್ ಮೇಲಾಣೆ, ಬತ್ತೀನಿ ಕಣಕ್ಕ" ಅಂದಿದ್ದಳು. ಆ ದಿನ ಬರಲಿಲ್ಲ. ಅವಳಿನ್ನೂ ಅದೇ ಗೋದಾಮಿನಲ್ಲಿ ಕೂತು ಎಲೆ ಆರಿಸುತ್ತಿದ್ದಳು, ಅದು ನೆನಪಿರಬೇಕಿತ್ತು ನಮಗೆ. ಸಣ್ಣಮ್ಮ ಮೆಟ್ಟಿಲ ಮೇಲೆ ನಿಂತು ಬಸ್ಸು ಬಂದಾಗಲೆಲ್ಲ ರಸ್ತೆ ನೋಡಿದಳು. ಆಮೇಲೆ, "ಮುಂಡೇದು, ನನ್ ಎಗಲ್ ಮೇಲಿದ್ದಾಗ ಚೆಂದಾಗಿತ್ತು ಅವ್ಳಿಗೆ" ಎಂದು ಉಗಿದಳು. ಅವಳೇನು ಕ್ಷಮಿಸುವ ದೇವತೆಯಾಗಿರಲಿಲ್ಲ. ಹೀಗಾಗಿ ನಮ್ಮ ಕಡೆಗೆ ಉಳಿದದ್ದು ಸಣ್ಣಮ್ಮನ ಮಾತೊಂದೇ.

ಎದುರು ಪಾರ್ಟಿಯ ವಕೀಲರು ಚನ್ನರಾಯಪಟ್ಟಣದ ಕಡೆಯವರು, ತೆಂಗಿನ ತೋಟದ ರೈತ ಮನೆತನ. ನ್ಯಾಯಾಧೀಶರ ಹತ್ತಿರ ಇಂಗ್ಲಿಷು, ಸಾಕ್ಷಿಗಳ ಹತ್ತಿರ ತಾಯಿಯ ಮಡಿಲಿನ ಕನ್ನಡ. ಇಂಥವರೇ ಅಪಾಯ. ಬೆಂಗಳೂರಿನಿಂದ ಬಂದವರು ಗದರಿಸುತ್ತಾರೆ, ಗದರಿಸಿದರೆ ನಮ್ಮ ಸಾಕ್ಷಿಗಳು ಗಟ್ಟಿಯಾಗುತ್ತಾರೆ. ಈ ಮನುಷ್ಯ ಎದ್ದು ನಿಂತು ಮೊದಲು ಕೇಳಿದ್ದು, "ಏನಕ್ಕ, ಬಸ್ಸು ಬೇಗ ಸಿಕ್ತಾ?"

"ಸಿಕ್ತು ಸಾ."

"ಈ ಕೆಲಸ ಬಿಟ್ಟ ಮೇಲೆ..."

"ಬುಟ್ಟಿಲ್ಲ ಸಾ, ಬುಡಿಸುದ್ರು."

ನನಗೆ ಹಿಗ್ಗೋ ಹಿಗ್ಗು. ಶ್ರೀಕಂಠಯ್ಯನವರು ಹಿಂತಿರುಗಿ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು.

"ಆಯ್ತಕ್ಕ, ನಿನ್ನ ಮಾತೇ ಇರಲಿ. ಆಮೇಲೆ ಎಲ್ಲಿ ಕೆಲಸ ಮಾಡ್ತಿದ್ದೆ?"

"ಖಾಯಂ ಕೆಲ್ಸ ಎಲ್ಲೂ ಸಿಗ್ಲಿಲ್ಲ ಸಾ."

ಆ ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು. ಅವಸರವೇ ಇಲ್ಲ. ಹಿಂದಿನ ಬೆಂಚಿನ ಕಡೆ ಕಣ್ಣು ಹಾಯಿಸಿದರು. ಅಲ್ಲಿ ಸಣ್ಣಮ್ಮನ ಗಂಡ ಕೂತಿದ್ದ. ಅಷ್ಟು ವರ್ಷದಲ್ಲಿ ಒಂದು ದಿನವೂ ಬಾರದವನು ಅವತ್ತು ಒಗೆದ ಪಂಚೆ ಉಟ್ಟು ಬಂದಿದ್ದ.

"ಅವ್ರೇನಾ ನಿನ್ ಯಜಮಾನ್ರು? ಪುಣ್ಯವಂತೆ ಕಣಕ್ಕ ನೀನು. ನಮ್ಮವ್ವ ಸಾಯೋಗಂಟ ವಲದಲ್ಲೇ ಸವೆದೋದ್ಲು. ನೀನು ನೋಡು, ಇಷ್ಟು ವರ್ಷ ಗಂಡನ್ ದುಡಿಮೇಲೆ ಕುಂತ್ಕಂಡು ಉಂಡಿದೀಯ."

ನಾನು ಕಣ್ಣು ಮುಚ್ಚಿಕೊಂಡೆ. ಇಂಥ ಪ್ರಶ್ನೆಗೆ ಪಾಠವಿಲ್ಲ. ಅದು ಪ್ರಶ್ನೆಯೂ ಆಗಿರಲಿಲ್ಲ.

ಸಣ್ಣಮ್ಮ ಗಂಡನ ಕಡೆ ಒಂದು ಸಲ ನೋಡಿದಳು. ಅವಳ ಎತ್ತರಕ್ಕೆ ಕಟಕಟೆ ಸೊಂಟಕ್ಕೂ ಬರುತ್ತಿರಲಿಲ್ಲ.

"ಯಾರ್ ಸಾ ಕುಂತ್ಕಂಡ್ ಉಂಡೋರು? ಅಂಥಾ ವಂಸದಲ್ಲಿ ಉಟ್ಟಿಲ್ಲ ನಾನು. ಆಸ್ಪತ್ರೆಗೋದ್ ಮಾರ್ನೇ ದಿನವೇ, ಗೇಟಿಂದ ತಳ್ಳುದ್ಮೇಲೆ, ಸುಂಟಿ ವಲಕ್ಕಿಳ್ದು ಕಳೆ ಕಿತ್ತಿವ್ನಿ. ಜ್ವಾಳ ಮುರ್ದಿವ್ನಿ. ಗಾರೆ ಕೆಲ್ಸಕ್ಕೋಗಿ ಮಣ್ಣೊತ್ತಿವ್ನಿ. ಒಂದಿನ ಮನೇಲಿ ಕೈ ಕಟ್ಕಂಡ್ ಕುಂತಿದ್ರೆ ಯಾರ್ ಬೇಕಾರೂ ಬಂದು ಏಳ್ಲಿ. ಅಗೋ, ಆ ಮನುಸಂಗೂ ನಾನೇ ಸಾ ಇಟ್ಟಾಕಿರೋದು."

ಕೋರ್ಟಿನಲ್ಲಿ ಎಲ್ಲರೂ ನಕ್ಕರು, ನ್ಯಾಯಾಧೀಶರೂ ಸಣ್ಣಗೆ ನಕ್ಕರು. ಗಂಡ ತನ್ನ ಪಂಚೆಯ ಅಂಚು ನೋಡುತ್ತಿದ್ದ. ಎದುರು ವಕೀಲರು, "ಅಷ್ಟೇ ಸ್ವಾಮಿ" ಎಂದು ಕೂತರು. ನ್ಯಾಯಾಧೀಶರು ಅವಳ ಹೇಳಿಕೆಯನ್ನು ಇಂಗ್ಲಿಷಿನಲ್ಲಿ ಹೇಳಿ ಬರೆಸಿದರು. ಕೆಲಸ ಬಿಟ್ಟ ಮಾರನೇ ದಿನದಿಂದಲೇ ನಾನು ಬೇರೆ ಕಡೆ ಬಿಡುವಿಲ್ಲದೆ ದುಡಿಯುತ್ತಿದ್ದೇನೆ ಎಂಬುದು ನಿಜ, ಎಂದು. ಬೆಳಿಗ್ಗೆ ಗೇಟಿಗೆ ಹೋದದ್ದು ಅದರಲ್ಲಿರಲಿಲ್ಲ, ಬಗ್ಗಿದ್ದು, ಹೊತ್ತದ್ದು ಯಾವುದೂ ಇರಲಿಲ್ಲ. ಬೆಂಚ್ ಕ್ಲರ್ಕು ಅದನ್ನು ಅವಸರದ ಕನ್ನಡದಲ್ಲಿ ಓದಿ ಹೇಳಿ, "ಸರಿನಾ?" ಅಂದ. "ದುಡ್ದಿರೋದ್ ನಿಜಾನೇ ಅಲ್ವಾ ಸಾ" ಎಂದು ಸಣ್ಣಮ್ಮ ಸಹಿ ಹಾಕಿದಳು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರೆ. ಇವಳದು ಮುತ್ತಿನಂಥ ಮಾತೇ, ಆಡಿದ್ದಕ್ಕೇ ಹೋಯಿತು.

ಇಳಿದು ಬಂದವಳ ಮುಖ ನೀವು ನೋಡಬೇಕಿತ್ತು. ಅವಳನ್ನು ಅಷ್ಟು ಖುಷಿಯಲ್ಲಿ ನಾನು ಆಮೇಲೆ ಕಾಣಲಿಲ್ಲ. ಕೋರ್ಟಿನ ಮುಂದಿನ ಹೋಟೆಲಿಗೆ ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ, ಕಾಫಿ ಹೇಳಿ, ಬೆಂಚಿನ ಮೇಲೆ ಮೊಣಕೈ ಊರಿ ಕೂತಳು.

"ಎಂಗೇಳ್ದೆ ಅಮ್ಮಾರೆ? ಸರ್ಯಾಗ್ ಇಕ್ಕುದ್ನಾ ಅವ್ನಿಗೆ?"

ನಾನು, "ಚೆನ್ನಾಗಿ ಹೇಳಿದ್ರಿ" ಅಂದೆ. ಬೇರೆ ಏನು ಹೇಳಲಿ? ಅವಳು ಹೇಳಿದ್ದು ಚೆನ್ನಾಗಿಯೇ ಇತ್ತು. ಆ ಕೋರ್ಟಿನಲ್ಲಿ ಅಂಥ ನೆಟ್ಟಗಿನ ಮಾತನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಆಫೀಸಿನಲ್ಲಿ ಶ್ರೀಕಂಠಯ್ಯನವರು ಕೋಟು ಬಿಚ್ಚಿ ಕುರ್ಚಿಗೆ ಎಸೆದು, "ವರ್ಷಗಟ್ಟಲೆ ಕಟ್ಟಿದ್ದನ್ನ ಒಂದು ನಿಮಿಷದಲ್ಲಿ ಕೆಡವಿಬಿಟ್ಟಳಲ್ಲಮ್ಮ, ಬಾಯಿ ಮುಚ್ಚಿಕೊಂಡಿರೋದಕ್ಕೇನು ರೋಗ ಆ ಹೆಂಗಸಿಗೆ" ಎಂದರು. ಒಳ್ಳೆಯ ಮನುಷ್ಯ ಅವರು, ಬಡವರ ಪರವಾಗಿಯೇ ಬದುಕಿದವರು. ಆದರೂ ಆ ಮಾತಿಗೆ ನನಗೆ ಮೈ ಉರಿಯಿತು. ಈಗಲೂ ಉರಿಯುತ್ತದೆ.

ಆದೇಶ ಬರುವ ಹೊತ್ತಿಗೆ ಎರಡು ಸಾವಿರದ ಇಸವಿ ದಾಟಿತ್ತು. ಹೊಲದ ಕೂಲಿ ಖಾಯಂ ಕೆಲಸವಲ್ಲ ಎಂದು ಶ್ರೀಕಂಠಯ್ಯನವರು ಎಷ್ಟು ವಾದ ಮಾಡಿದರೂ ನಡೆಯಲಿಲ್ಲ. ಮಾರನೇ ದಿನವೇ ಬೇರೆ ಕೆಲಸಕ್ಕೆ ಸೇರಿದವಳಿಗೆ ಹಿಂತಿರುಗುವ ಉದ್ದೇಶವೇ ಇರಲಿಲ್ಲ, ಅರ್ಜಿದಾರಳು ತಾನಾಗಿಯೇ ಕೆಲಸ ತೊರೆದಿದ್ದಾಳೆ, ಅರ್ಜಿ ವಜಾ. ಸುದ್ದಿ ಹೇಳುವ ಕೆಲಸ ಯಥಾಪ್ರಕಾರ ನನ್ನದು. ಗೆದ್ದಾಗ ವಕೀಲರು ಹೇಳುತ್ತಾರೆ, ಸೋತಾಗ ಗುಮಾಸ್ತೆಯನ್ನು ಕಳಿಸುತ್ತಾರೆ.

ಅರಕಲಗೂಡಿನಲ್ಲಿ ಬಸ್ಸು ಬದಲಿಸಿ ಮಲ್ಲಿಪಟ್ಟಣಕ್ಕೆ ಹೋಗಿ, ಅಲ್ಲಿಂದ ನಡೆದೆ. ಸಣ್ಣಮ್ಮ ಯಾರದೋ ಕಣದಲ್ಲಿ ಜೋಳದ ತೆನೆ ಸುಲಿಯುತ್ತಿದ್ದಳು. ನನ್ನನ್ನು ಕಂಡು ಎದ್ದು ಸೆರಗಿನಿಂದ ಕಲ್ಲು ಒರೆಸಿ ಕೂರಿಸಿದಳು.

"ಏನಂದ್ರಂತೆ?"

"ಸೋತೋಯ್ತು ಸಣ್ಣಮ್ಮ. ನೀವು ಮಾರನೇ ದಿನವೇ ಬೇರೆ ಕೆಲಸಕ್ಕೆ ಹೋದ್ರಿ, ಅದಕ್ಕೆ ಈ ಕೆಲಸ ನೀವಾಗೇ ಬಿಟ್ರಿ ಅಂತ ಬರೆದಿದಾರೆ."

ಅವಳು ತೆನೆ ಕೈಯಲ್ಲಿ ಹಿಡಿದೇ ನಿಂತಳು.

"ಕೈ ಕಟ್ಕಂಡ್ ಕುಂತಿದ್ರೆ?"

"ಗೆಲ್ತಿದ್ವೇನೋ."

"ಉಪಾಸ ಬಿದ್ದಿದ್ರೆ?"

"ಇನ್ನೂ ಅನುಕೂಲ ಆಗ್ತಿತ್ತು."

"ಥೂ" ಅಂದಳು ಸಣ್ಣಮ್ಮ. ಯಾರಿಗೆ ಅಂದಳೋ, ನನಗೂ ಸೇರಿತ್ತೋ ಏನೋ, ನಾನು ಒರೆಸಿಕೊಳ್ಳಲಿಲ್ಲ. ಕೈಯಲ್ಲಿದ್ದ ತೆನೆಯ ಸಿಪ್ಪೆ ಕಿತ್ತೆಸೆದು ಮತ್ತೆ ಮಾತಾಡಿದಳು.

"ಓಗ್ಲಿ, ಕೆಲ್ಸ ಬ್ಯಾಡ. ನಾನಾಗ್ ಬುಟ್ಟೋದೆ ಅಂತ ಬರ್ದವ್ರಲ್ಲಾ, ಅದೊಂದ ತಗ್ಸಿ. ಆ ಮುಂಡೇದ್ನ ಎಗಲ್ ಮೇಲ್ ಆಕ್ಕಂಡು ಓದೆ ನಾನು. ಕೆಲ್ಸ ಬುಟ್ಟು ಓಗ್ಲಿಲ್ಲ."

"ಅದನ್ನ ತೆಗೆಸೋಕೆ ಬೆಂಗಳೂರು ಹೈಕೋರ್ಟಿಗೆ ಹೋಗ್ಬೇಕು."

"ಅಲ್ಲೂ ನನ್ನ ನಿಲ್ಸಿ ಕೇಳ್ತಾರಾ?"

"ಇಲ್ಲ. ಅಲ್ಲಿ ಬರೀ ಕಾಗದ ನೋಡ್ತಾರೆ."

"ಅಂಗಾರೆ ಬ್ಯಾಡ. ನೀವೇ ಬರೀರಿ. ಟೈಪು ಒಡೆಯೋರು ನೀವೇ ಅಲ್ವಾ? ಸಣ್ಣಮ್ಮ ಬುಡ್ಲಿಲ್ಲ, ಬುಡಿಸುದ್ರು ಅಂತ ಒಂದ್ ಮಾತು."

"ನಾನು ಬರೆದ್ರೆ ಯಾರು ಬೆಲೆ ಕೊಡ್ತಾರೆ ಸಣ್ಣಮ್ಮ?"

ಅವಳು ನನ್ನನ್ನೇ ನೋಡಿದಳು. ಆಮೇಲೆ ಹೋಗಿ ತೆನೆಯ ರಾಶಿಯ ಮುಂದೆ ಕೂತು ಸುಲಿಯತೊಡಗಿದಳು. ನಾನು ಎದ್ದು ಬರುತ್ತೇನೆ ಅಂದಾಗ ತಲೆಯೆತ್ತಲಿಲ್ಲ. ಅವಳು ಮತ್ತೆ ಯಾವತ್ತೂ ನಮ್ಮ ಆಫೀಸಿಗೆ ಬರಲಿಲ್ಲ. ಹಳ್ಳಿಯಲ್ಲಿ ಜನ, ಕೊಬ್ಬಿನಿಂದ ಕೆಲಸ ಬಿಟ್ಟು ಬಂದು ಕೋರ್ಟಿಗೆ ಹೋದಳು, ಕೋರ್ಟಿನಲ್ಲಿ ಬಾಯಿ ಮಾಡಿ ಸೋತಳು ಎಂದು ಆಡಿಕೊಳ್ಳುತ್ತಾರೆ ಎಂದು ಆ ಕಡೆಯ ಕಕ್ಷಿದಾರರೊಬ್ಬರು ಹೇಳಿದರು. ಕೋರ್ಟೇ ಬರೆದುಕೊಟ್ಟ ಮೇಲೆ ಜನಕ್ಕೇನು?

ಇನ್ನು ನನ್ನ ವಿಷಯ. ಶ್ರೀಕಂಠಯ್ಯನವರು ಹೋದ ಮೇಲೆ ಆಫೀಸು ಅವರ ಮಗನ ಕೈಗೆ ಬಂತು. ಕಣ್ಣ ಮುಂದೆ ಬೆಳೆದ ಹುಡುಗ. ನನ್ನ ಟೈಪ್‌ರೈಟರಿನ ಕೀಲಿ ಒತ್ತಿ ಬೈಸಿಕೊಂಡವನು. ಅವನು ಕಂಪ್ಯೂಟರು ತಂದ, ಗೋಡೆಗೆ ಬಣ್ಣ ಹೊಡೆಸಿದ, ಕಂಪನಿಗಳ ಕಡೆಯ ಕೇಸು ಹಿಡಿಯತೊಡಗಿದ. ಒಂದು ಸಂಜೆ, "ಆಂಟಿ, ನಾಳೆಯಿಂದ ನೀವು ತೊಂದರೆ ತಗೋಬೇಡಿ. ದಿನಾ ಆ ಬಸ್ಸು, ಆ ಧೂಳು, ನಿಮಗೂ ಸುಸ್ತಾಗುತ್ತೆ" ಅಂದ. ಎಷ್ಟು ನಯವಾಗಿ ಅಂದನೆಂದರೆ ನಾನು ಥ್ಯಾಂಕ್ಸ್ ಹೇಳಿ ಮೆಟ್ಟಿಲಿಳಿದೆ. ಜಿಲ್ಲೆಯ ಕೂಲಿಯವರಿಗೆಲ್ಲ ನೇಮಕಾತಿ ಆದೇಶ ಎಲ್ಲಿ, ಹಾಜರಿ ಎಲ್ಲಿ ಎಂದು ಕೇಳಿಕೊಂಡು ತಿರುಗಿದ ನನಗೆ ಅದೆರಡೂ ಇರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ.

ಏನು ಮಾಡಬೇಕು ಎಂದು ನನಗಿಂತ ಚೆನ್ನಾಗಿ ಬಲ್ಲವರು ಹಾಸನದಲ್ಲಿ ಇರಲಿಲ್ಲ. ದಿನಾ ಆಫೀಸಿನ ಬಾಗಿಲಿಗೆ ಹೋಗಿ ನಿಲ್ಲಬೇಕು. ಜೊತೆಗೊಬ್ಬ ಸಾಕ್ಷಿ ಇರಬೇಕು. ರಿಜಿಸ್ಟರ್ಡ್ ನೋಟೀಸು ಕಳಿಸಬೇಕು. ಮನೆಗೆ ಬಂದು ತಲೆಯ ಮೇಲೆ ಕೈ ಹೊತ್ತು ಕೂರಬೇಕು. ನಾನು ಮಾಡಿದ್ದೇನು ಗೊತ್ತೇ? ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಅದೇ ಬಸ್ಸು ಹತ್ತಿ ಹಾಸನಕ್ಕೆ ಹೋಗಿ, ಕೋರ್ಟಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಟೈಪು ಮಾಡಲು ಕೂತೆ. ಹೊಟ್ಟೆಪಾಡು ಹೌದು. ಅದಕ್ಕಿಂತ ಹೆಚ್ಚಾಗಿ, ಬೀದಿಯಲ್ಲಿ ಯಾರಾದರೂ ಏನು ಮಾಡ್ತಿದ್ದೀಯಮ್ಮ ಎಂದು ಕೇಳಿದರೆ, ಮನೇಲೇ ಇದ್ದೀನಿ ಎನ್ನಲು ನಾಲಿಗೆ ಏಳುತ್ತಿರಲಿಲ್ಲ. ಕಟಕಟೆಗೆ ಹತ್ತಿಸಿ ಕೇಳಿದ್ದರೆ ನಾನೂ ಅಷ್ಟೇ ಜೋರಾಗಿ ಹೇಳಿ, ಅಷ್ಟೇ ಚೆನ್ನಾಗಿ ಸೋಲುತ್ತಿದ್ದೆ.

ಇಷ್ಟೆಲ್ಲ ನಿಂತಲ್ಲೇ ನೆನೆಯುತ್ತಿದ್ದೆನಲ್ಲ, ಹಾಸನದ ಬಸ್ಸು ಇನ್ನೂ ಬಂದಿರಲಿಲ್ಲ. ಬಿಳಿ ಕಾರೊಂದು ಪಕ್ಕದಲ್ಲಿ ನಿಂತು ಗಾಜು ಇಳಿಯಿತು. ಅವನೇ, ಶ್ರೀಕಂಠಯ್ಯನವರ ಮಗ. ಅವನೂ ಅದೇ ನಾಮಕರಣಕ್ಕೆ ಬಂದಿದ್ದ. ತಲೆ ಅರ್ಧ ನರೆತಿದೆ ಈಗ.

"ಆಂಟಿ, ಹಾಸನಕ್ಕಾ? ಬನ್ನಿ, ಹತ್ತಿ."

ಬಿಸಿಲಿತ್ತು, ಹೊಟ್ಟೆ ಭಾರವಿತ್ತು. ಹಿಂದಿನ ಬಾಗಿಲು ತೆಗೆದು ಒಂದು ಕಾಲು ಒಳಗಿಟ್ಟೆ. ಅವನು ಪಕ್ಕದಲ್ಲಿ ಕೂತಿದ್ದ ಯಾರಿಗೋ ನನ್ನ ಪರಿಚಯ ಮಾಡಿಕೊಟ್ಟ.

"ನಮ್ಮ ತಂದೆ ಹತ್ರ ಇದ್ರು ಇವರು, ಬಹಳ ವರ್ಷ. ಬಹಳ ಒಳ್ಳೆ ಕೆಲಸಗಾರರು. ಆಮೇಲೆ ಅವರಾಗೇ ಬಿಟ್ಟುಬಿಟ್ರು."

"ನಾನು ಬಿಡ್ಲಿಲ್ಲ ಕಣಪ್ಪ" ಅಂದೆ. "ನೀನು ಬಿಡಿಸ್ದೆ."

ಅವನು ನಕ್ಕ. ಕೆಟ್ಟ ನಗುವಲ್ಲ, ವಯಸ್ಸಾದವರನ್ನು ಸಮಾಧಾನ ಮಾಡುವ ನಗು.

"ಅಯ್ಯೋ ಆಂಟಿ, ಎಷ್ಟು ವರ್ಷ ಆಯ್ತು. ಈಗ ಎರಡೂ ಒಂದೇ ತಾನೇ."

ಕಾಲನ್ನು ಆಚೆಗೆ ತೆಗೆದುಕೊಂಡು ಬಾಗಿಲು ಹಾಕಿದೆ. ಬಸ್ಸಿಗೇ ಬರುತ್ತೇನೆ, ನೀನು ಹೋಗು ಎಂದೆ. ಅವನು ಹೋದ. ಬಸ್ಸು ಬರಲು ಬಹಳ ಹೊತ್ತಾಯಿತು, ಸೀಟೂ ಸಿಗಲಿಲ್ಲ. ಹಾಸನದವರೆಗೂ ಕಂಬಿ ಹಿಡಿದು ನಿಂತೇ ಬಂದೆ.

ಎರಡೂ ಒಂದೇ ಅಲ್ಲ. ನಾನು ಬರೆದರೆ ಯಾರು ಬೆಲೆ ಕೊಡುತ್ತಾರೆ ಎಂದು ಅವತ್ತು ಕಣದಲ್ಲಿ ಕೇಳಿದ್ದೆ, ಇವತ್ತೂ ಯಾರೂ ಕೊಡಲಾರರು. ಕೊಡದಿದ್ದರೆ ಬೇಡ. ಸಣ್ಣಮ್ಮ ಕೆಲಸ ಬಿಡಲಿಲ್ಲ. ಬಿಡಿಸಿದರು.